ಗ್ರೇಸ್ ಹಾಪರ್

ಗ್ರೇಸ್ ಬ್ರೂಸ್ಟರ್ ಮರ್ರೆ ಹಾಪರ್ (ಡಿಸೆಂಬರ್ 9, 1906 – ಜನವರಿ 1, 1992) ಅಮೆರಿಕಾದ ಗಣಿತಜ್ಞೆ, ಗಣಕ ವಿಜ್ಞಾನಿ ಹಾಗೂ ಅಮೆರಿಕಾ ನೌಕಾಪಡೆಯ ರಿಯರ್ ಅಡ್ಮಿರಲ್. ಹಾರ್ವರ್ಡ್ ಮಾರ್ಕ್ 1 ಗಣಕಯಂತ್ರಕ್ಕೆ ಪ್ರೋಗ್ರಾಮ್ ಬರೆದ ಮೊದಲಿಗರಲ್ಲಿ ಇವರೂ ಒಬ್ಬರು. ಮೊದಲೇ ಬರೆದಿಟ್ಟ ಪ್ರೋಗ್ರಾಮ್ ತುಣುಕುಗಳನ್ನು ಸಂಗ್ರಹದಿಂದ ಹೆಕ್ಕಿ ಜೋಡಿಸುವ ಕೆಲಸವನ್ನು ಯಂತ್ರವೇ ಮಾಡಬಹುದೆಂದು 1952ರಲ್ಲಿ ಎ-0 ಎಂಬ ವ್ಯವಸ್ಥೆಯ ಮೂಲಕ ತೋರಿಸಿಕೊಟ್ಟರು. ಕಂಪೈಲರ್ ಎಂಬ ಪದವು ಗಣಕ ಕ್ಷೇತ್ರದಲ್ಲಿ ರೂಢಿಗೆ ಬಂದದ್ದು ಇದರಿಂದಲೇ. ಇಂಗ್ಲಿಷ್ ಪದಗಳನ್ನು ಬಳಸಿ ಪ್ರೋಗ್ರಾಮ್ ಬರೆಯಲು ಅನುವು ಮಾಡಿಕೊಟ್ಟ ಇವರ ಫ್ಲೋ-ಮ್ಯಾಟಿಕ್ ಭಾಷೆಯು ಕೋಬಾಲ್ ಭಾಷೆಗೆ ಮುಖ್ಯ ಆಧಾರವಾಯಿತು. ಇಂದಿನ ಪ್ರೋಗ್ರಾಮರ್‌ಗಳು ಒಂದು ಸಾಲಿನಲ್ಲಿ ಮಾಡ್ಯೂಲ್ ಒಂದನ್ನು ಆಮದು ಮಾಡಿಕೊಳ್ಳುವ ಪದ್ಧತಿಯ ಆರಂಭಿಕ ರೂಪಗಳಲ್ಲಿ ಹಾಪರ್ ಅವರ ಕೆಲಸವೂ ಸೇರಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗ್ರೇಸ್ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಾಲ್ಟರ್ ಫ್ಲೆಚರ್ ಮರ್ರೆ ವಿಮಾ ವ್ಯವಹಾರದಲ್ಲಿದ್ದರು. ತಾಯಿ ಮೇರಿ ಕ್ಯಾಂಪ್‌ಬೆಲ್ ವಾನ್ ಹಾರ್ನ್ ಅವರಿಗೆ ಗಣಿತದಲ್ಲಿ ಆಸಕ್ತಿಯಿತ್ತು. ಮೂವರು ಮಕ್ಕಳಲ್ಲಿ ಗ್ರೇಸ್ ಹಿರಿಯರು. ಇವರ ಮುತ್ತಜ್ಜ ಅಲೆಕ್ಸಾಂಡರ್ ವಿಲ್ಸನ್ ರಸೆಲ್ ಅಮೆರಿಕಾದ ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದರು. ಮುಂದೆ ಗ್ರೇಸ್ ನೌಕಾಪಡೆಯನ್ನೇ ಆರಿಸಿಕೊಳ್ಳಲು ಈ ಮನೆತನದ ನೆನಪೂ ಒಂದು ಕಾರಣವಾಯಿತು. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಅದನ್ನು ಬಿಚ್ಚಿದ ಗ್ರೇಸ್, ಮರುಜೋಡಿಸಲು ಬಾರದೆ ಮನೆಯಲ್ಲಿದ್ದ ಇತರ ಗಡಿಯಾರಗಳನ್ನೂ ಒಂದೊಂದಾಗಿ ಬಿಚ್ಚಿದರು. ತಾಯಿಗೆ ವಿಷಯ ತಿಳಿಯುವ ವೇಳೆಗೆ ಏಳು ಗಡಿಯಾರಗಳು ಬಿಡಿಭಾಗಗಳಾಗಿದ್ದವು. ಅಂದಿನಿಂದ ಬಿಚ್ಚಲು ಅವರಿಗೆ ಒಂದೇ ಗಡಿಯಾರ ಎಂದು ಮನೆಯಲ್ಲಿ ನಿಯಮವಾಯಿತು.

ತಂದೆಗೆ ರಕ್ತನಾಳಗಳ ಕಾಯಿಲೆಯಿಂದ ಎರಡೂ ಕಾಲುಗಳನ್ನು ಕತ್ತರಿಸಬೇಕಾಗಿ ಬಂದಿತು. ಹೆಣ್ಣುಮಕ್ಕಳೂ ಗಂಡುಮಕ್ಕಳಂತೆಯೇ ಓದಿ ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬುದು ಅವರ ನಿಲುವಾಗಿತ್ತು. ಹದಿನಾರನೆಯ ವಯಸ್ಸಿನಲ್ಲಿ ವಾಸರ್ ಕಾಲೇಜಿಗೆ ಅರ್ಜಿ ಸಲ್ಲಿಸಿದ ಗ್ರೇಸ್, ಲ್ಯಾಟಿನ್ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಕಾರಣ ಪ್ರವೇಶ ಪಡೆಯಲಾಗಲಿಲ್ಲ. ಮರುವರ್ಷ ಸೇರಿ, 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾಲಯದಿಂದ 1930ರಲ್ಲಿ ಸ್ನಾತಕೋತ್ತರ ಪದವಿಯನ್ನೂ, 1934ರಲ್ಲಿ ಗಣಿತಜ್ಞ ಒಯ್‌ಸ್ಟೀನ್ ಓರೆ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪದವಿಯನ್ನೂ ಗಳಿಸಿದರು.

1930ರಲ್ಲಿ ವಿನ್ಸೆಂಟ್ ಫಾಸ್ಟರ್ ಹಾಪರ್ ಅವರನ್ನು ವಿವಾಹವಾದರು. ಈ ದಾಂಪತ್ಯವು 1945ರಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತು. ಗ್ರೇಸ್ ಮತ್ತೆ ಮದುವೆಯಾಗಲಿಲ್ಲ. ಹಾಪರ್ ಎಂಬ ಹೆಸರನ್ನೇ ಉಳಿಸಿಕೊಂಡರು.

ಅಧ್ಯಾಪನ

1931ರಿಂದ ಹಾಪರ್ ಅವರು ವಾಸರ್ ಕಾಲೇಜಿನಲ್ಲಿ ಗಣಿತ ಬೋಧಿಸತೊಡಗಿದರು. 1941ರ ಹೊತ್ತಿಗೆ ಸಹ ಪ್ರಾಧ್ಯಾಪಕರಾದರು. 1941–42ರಲ್ಲಿ ರಜೆ ಪಡೆದು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಕೂರಂಟ್ ಅವರ ಬಳಿ ಅಧ್ಯಯನ ಮಾಡಿದರು. ಅವಕಲ ಸಮೀಕರಣಗಳ ಸಂಖ್ಯಾತ್ಮಕ ಪರಿಹಾರದಲ್ಲಿ ಅಲ್ಲಿ ದೊರೆತ ಪರಿಚಯವು ಯುದ್ಧಕಾಲದ ಲೆಕ್ಕಾಚಾರಗಳಲ್ಲಿ ನೇರವಾಗಿ ಉಪಯೋಗಕ್ಕೆ ಬಂದಿತು.

ನೌಕಾಪಡೆ ಮತ್ತು ಹಾರ್ವರ್ಡ್ ಮಾರ್ಕ್ 1

ಎರಡನೆಯ ಮಹಾಯುದ್ಧಕ್ಕೆ ಅಮೆರಿಕಾ ಇಳಿದ ಮೇಲೆ ಹಾಪರ್ ಅವರು ನೌಕಾಪಡೆ ಸೇರಲು ಬಯಸಿದರು. ವಯಸ್ಸು ಮೂವತ್ತೈದು ತುಂಬಿತ್ತು, ದೇಹತೂಕವು ನಿಗದಿತ ಕನಿಷ್ಠಕ್ಕಿಂತ ಸುಮಾರು 15 ಪೌಂಡ್ ಕಡಿಮೆಯಿತ್ತು. ಗಣಿತದ ಅಧ್ಯಾಪಕರಾಗಿ ಅವರು ಕಾಲೇಜಿನಲ್ಲೇ ಇರುವುದು ದೇಶಕ್ಕೆ ಹೆಚ್ಚು ಉಪಯುಕ್ತವೆಂಬ ಅಭಿಪ್ರಾಯವೂ ಇತ್ತು. ವಿನಾಯಿತಿ ಪಡೆದು 1943ರಲ್ಲಿ ನೌಕಾಪಡೆಯ ಮೀಸಲು ದಳದ ಮಹಿಳಾ ವಿಭಾಗವನ್ನು ಸೇರಿದರು. ಸ್ಮಿತ್ ಕಾಲೇಜಿನಲ್ಲಿ ನಡೆದ ತರಬೇತಿಯಲ್ಲಿ ತಮ್ಮ ತಂಡಕ್ಕೆ ಮೊದಲಿಗರಾಗಿ ತೇರ್ಗಡೆಯಾದರು. 1944ರ ಜುಲೈನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ನೌಕಾಪಡೆಯ ಗಣನ ಯೋಜನೆಗೆ ನಿಯುಕ್ತರಾದರು.

ಈ ಯೋಜನೆಯ ಮುಖ್ಯಸ್ಥರು ಹೊವಾರ್ಡ್ ಐಕೆನ್. ಐಬಿಎಂ ಸಂಸ್ಥೆ ನಿರ್ಮಿಸಿಕೊಟ್ಟ ಮಾರ್ಕ್ 1 ಯಂತ್ರವು 51 ಅಡಿ ಉದ್ದ, 8 ಅಡಿ ಎತ್ತರವಿದ್ದು, ಸುಮಾರು 5 ಟನ್ ತೂಗುತ್ತಿತ್ತು. ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಆದೇಶಗಳನ್ನು ಒಂದೊಂದಾಗಿ ಓದಿ ಕಾರ್ಯಗತಗೊಳಿಸುತ್ತಿತ್ತು. 23 ದಶಮಾಂಶ ಅಂಕಿಗಳ ಸಂಖ್ಯೆಗಳನ್ನು ನಿಭಾಯಿಸುತ್ತಿದ್ದ ಈ ಯಂತ್ರವು ಸೆಕೆಂಡಿಗೆ ಮೂರು ಸಂಕಲನಗಳನ್ನು ಮಾಡುತ್ತಿತ್ತು; ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡು ಬೇಕಾಗುತ್ತಿತ್ತು. ರಾಬರ್ಟ್ ಕ್ಯಾಂಪ್‌ಬೆಲ್ ಮತ್ತು ರಿಚರ್ಡ್ ಬ್ಲಾಕ್ ಅವರ ನಂತರ ಈ ಯಂತ್ರದ ಮೂರನೆಯ ಪ್ರೋಗ್ರಾಮರ್ ಹಾಪರ್. ಕಲಿಯಲು ಪಠ್ಯಪುಸ್ತಕವಾಗಲಿ ಬೋಧಕರಾಗಲಿ ಇರಲಿಲ್ಲ. ಯಂತ್ರದ ಮಂಡಲಗಳ ನಕ್ಷೆಗಳನ್ನು ನೋಡುತ್ತಾ, ಸಹೋದ್ಯೋಗಿಗಳನ್ನು ಕೇಳುತ್ತಾ ಅವರು ಕೆಲಸ ಕಲಿತರು.

ಯುದ್ಧಕಾಲದಲ್ಲಿ ಈ ಯಂತ್ರವು ಹಗಲಿರುಳು ನಡೆಯುತ್ತಿತ್ತು. ಫಿರಂಗಿಗಳ ಗುರಿ ಕೋಷ್ಟಕಗಳು, ಸಮುದ್ರಗಣಿಗಳನ್ನು ತೆರವುಗೊಳಿಸುವ ಲೆಕ್ಕಗಳು ಇದರಲ್ಲಿ ಸಿದ್ಧವಾಗುತ್ತಿದ್ದವು. ಜಾನ್ ವಾನ್ ನಾಯ್ಮನ್ ಅವರು ಪರಮಾಣು ಬಾಂಬ್ ಯೋಜನೆಗೆ ಸಂಬಂಧಿಸಿದ ಅಂತಃಸ್ಫೋಟದ ಲೆಕ್ಕವೊಂದನ್ನು 1944ರಲ್ಲಿ ಇಲ್ಲಿಗೆ ತಂದರು. ಐಕೆನ್ ಅವರ ಆದೇಶದಂತೆ ಹಾಪರ್ ಅವರು ಯಂತ್ರದ ಕೈಪಿಡಿಯನ್ನೂ ಬರೆದರು. 500ಕ್ಕೂ ಹೆಚ್ಚು ಪುಟಗಳ ಈ ಗ್ರಂಥವು 1946ರಲ್ಲಿ ಪ್ರಕಟವಾಯಿತು. ಗಣಕಯಂತ್ರಕ್ಕೆ ಪ್ರೋಗ್ರಾಮ್ ಬರೆಯುವ ಬಗೆಯನ್ನು ವಿವರಿಸಿದ ಅತ್ಯಂತ ಹಳೆಯ ಗ್ರಂಥಗಳಲ್ಲಿ ಇದೂ ಒಂದು.

ನಕಲು ಪುಸ್ತಕಗಳು ಮತ್ತು ದೋಷಗಳು

ಹಾರ್ವರ್ಡ್‌ನ ಪ್ರೋಗ್ರಾಮರ್‌ಗಳು ಒಮ್ಮೆ ಸರಿಯಾಗಿ ಕೆಲಸ ಮಾಡಿದ ಆದೇಶಗಳ ಸರಣಿಯನ್ನು ತಮ್ಮ ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಕೋನವೊಂದರ ಸೈನ್ ಮೌಲ್ಯ ಬೇಕಾದಾಗ ಒಬ್ಬರು ಇನ್ನೊಬ್ಬರ ಪುಸ್ತಕ ಕೇಳಿ, ಆ ಭಾಗವನ್ನು ತಮ್ಮ ಪ್ರೋಗ್ರಾಮಿಗೆ ನಕಲು ಮಾಡಿಕೊಳ್ಳುತ್ತಿದ್ದರು. ಹೀಗೆ ಮರುಬಳಕೆಯಾಗುವ ತುಣುಕುಗಳಿಗೆ ಮುಂದೆ ಸಬ್‌ರುಟೀನ್ ಎಂಬ ಹೆಸರು ಸ್ಥಿರವಾಯಿತು.

ಈ ಪದ್ಧತಿಯಲ್ಲಿ ಎರಡು ತೊಡಕುಗಳಿದ್ದವು. ಮೊದಲನೆಯದು ವಿಳಾಸಗಳದ್ದು. ಪ್ರತಿ ಸಬ್‌ರುಟೀನ್ ತನ್ನ ಸ್ಮೃತಿಸ್ಥಾನಗಳನ್ನು ಸೊನ್ನೆಯಿಂದ ಎಣಿಸಿ ಬರೆಯಲ್ಪಡುತ್ತಿತ್ತು. ಅದನ್ನು ಹೊಸ ಪ್ರೋಗ್ರಾಮಿನ ನಡುವೆ ಇಟ್ಟಾಗ, ಅದರಲ್ಲಿರುವ ಎಲ್ಲ ವಿಳಾಸಗಳಿಗೂ ಹೊಸ ಆರಂಭಸ್ಥಾನದ ಸಂಖ್ಯೆಯನ್ನು ಕೈಯಿಂದಲೇ ಕೂಡಬೇಕಾಗಿತ್ತು. ಎರಡನೆಯದು ನಕಲಿನದ್ದು. ಖಾಲಿ ಜಾಗವನ್ನು ಸೂಚಿಸುವ ತ್ರಿಕೋನಾಕಾರದ ಚಿಹ್ನೆಯು 4 ಎಂಬ ಅಂಕಿಯಾಗಿ, ಬಿ ಅಕ್ಷರವು 13 ಆಗಿ ಬದಲಾಗುವುದು ಸಾಮಾನ್ಯವಾಗಿತ್ತು. ಸಬ್‌ರುಟೀನ್ ಸರಿಯಾಗಿಯೇ ಇದ್ದರೂ ಅದನ್ನು ತಂದು ಸೇರಿಸುವ ಹಂತದಲ್ಲಿ ತಪ್ಪು ನುಸುಳುತ್ತಿತ್ತು. ಕೂಡುವುದರಲ್ಲಿಯೂ ನಕಲು ಮಾಡುವುದರಲ್ಲಿಯೂ ಮನುಷ್ಯರು ಎಡವುತ್ತಾರೆ, ಯಂತ್ರವಾದರೋ ಈ ಎರಡನ್ನೂ ತಪ್ಪಿಲ್ಲದೆ ಮಾಡುತ್ತದೆ ಎಂಬ ಸರಳ ಗ್ರಹಿಕೆಯೇ ಹಾಪರ್ ಅವರ ಮುಂದಿನ ಕೆಲಸಕ್ಕೆ ಮೂಲವಾಯಿತು.

ದೋಷಗಳ ವಿಷಯದಲ್ಲಿ ಹಾಪರ್ ಅವರ ಹೆಸರಿನೊಂದಿಗೆ ತಳಕು ಹಾಕಿಕೊಂಡ ಪ್ರಸಂಗವೊಂದಿದೆ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ ಪತಂಗವೊಂದು ಸಿಲುಕಿರುವುದು ಪತ್ತೆಯಾಯಿತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ನಿಜವಾದ ಹುಳವೇ ಸಿಕ್ಕಿದೆ ಎಂಬರ್ಥದ ತಮಾಷೆಯ ಟಿಪ್ಪಣಿ ಬರೆಯಲಾಯಿತು. ಬಗ್ ಮತ್ತು ಡಿಬಗ್ಗಿಂಗ್ ಎಂಬ ಪದಗಳು ಇಲ್ಲಿಂದಲೇ ಹುಟ್ಟಿದವು, ಪತಂಗವನ್ನು ಕಂಡುಹಿಡಿದವರು ಹಾಪರ್ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಯಂತ್ರದೋಷಕ್ಕೆ ಬಗ್ ಎನ್ನುವ ರೂಢಿ ಥಾಮಸ್ ಎಡಿಸನ್ ಅವರ ಕಾಲಕ್ಕಾಗಲೇ, ಅಂದರೆ 1870ರ ದಶಕದಲ್ಲೇ ಇತ್ತು. ಪತಂಗವನ್ನು ಹೊರತೆಗೆದವರೂ ಹಾಪರ್ ಅಲ್ಲ. ಅವರು ಈ ಕಥೆಯನ್ನು ಉಪನ್ಯಾಸಗಳಲ್ಲಿ ಹೇಳಿ ಪ್ರಸಿದ್ಧಿಗೆ ತಂದವರು. ಆ ದಿನಚರಿ ಪುಸ್ತಕವು ಪತಂಗದ ಸಮೇತ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಯುದ್ಧಾನಂತರದ ಬಿಕ್ಕಟ್ಟು

ಯುದ್ಧ ಮುಗಿದ ಮೇಲೆ ಹಾಪರ್ ಅವರು ನೌಕಾಪಡೆಯ ಕಾಯಂ ಸೇವೆಗೆ ವರ್ಗಾವಣೆ ಕೋರಿದರು. ವಯಸ್ಸಿನ ಮಿತಿ ದಾಟಿದ ಕಾರಣಕ್ಕೆ ಕೋರಿಕೆ ತಿರಸ್ಕೃತವಾಯಿತು. ಮೀಸಲು ದಳದಲ್ಲಿ ಮಾತ್ರ ಮುಂದುವರಿದರು. ವಾಸರ್ ಕಾಲೇಜು ನೀಡಿದ ಪ್ರಾಧ್ಯಾಪಕ ಹುದ್ದೆಯನ್ನು ಒಲ್ಲದೆ, ಸಂಶೋಧಕರಾಗಿ 1949ರವರೆಗೆ ಹಾರ್ವರ್ಡ್‌ನಲ್ಲೇ ಉಳಿದರು. ಅಲ್ಲಿ ಕಾಯಂ ಸ್ಥಾನ ಸಿಗುವ ಸಾಧ್ಯತೆ ಇರಲಿಲ್ಲ. ವಿಚ್ಛೇದನ, ಅತಿಯಾದ ದುಡಿಮೆ ಮತ್ತು ಅನಿಶ್ಚಿತ ಭವಿಷ್ಯಗಳ ನಡುವೆ ಈ ವರ್ಷಗಳಲ್ಲಿ ಅವರು ಮದ್ಯವ್ಯಸನದಿಂದ ಬಳಲಿದರೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಸ್ನೇಹಿತರ ನೆರವಿನಿಂದ ಅವರು ಈ ಸ್ಥಿತಿಯಿಂದ ಚೇತರಿಸಿಕೊಂಡರು. ಅವರ ಅತ್ಯಂತ ಮುಖ್ಯವಾದ ಕೆಲಸಗಳೆಲ್ಲವೂ ಇದರ ನಂತರದವು.

1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್–ಮಾಕ್ಲಿ ಕಂಪ್ಯೂಟರ್ ಕಾರ್ಪೊರೇಷನ್ ಸಂಸ್ಥೆಯನ್ನು ಹಿರಿಯ ಗಣಿತಜ್ಞೆಯಾಗಿ ಸೇರಿದರು. ಅಲ್ಲಿ ಬೈನಾಕ್ ಎಂಬ ಯಂತ್ರಕ್ಕಾಗಿ ಎಂಟನ್ನು ಆಧಾರವಾಗಿ ಉಳ್ಳ ಅಷ್ಟಮಾಂಶ ಪದ್ಧತಿಯಲ್ಲಿ ಲೆಕ್ಕ ಮಾಡಲು ಕಲಿತರು. ಅದು ಎಷ್ಟು ರೂಢಿಯಾಯಿತೆಂದರೆ ಅವರ ಬ್ಯಾಂಕ್ ಲೆಕ್ಕ ತಾಳೆಯಾಗದೆ ಹೋಯಿತು. ಚೆಕ್ ಪುಸ್ತಕದಲ್ಲಿ ಆಗಾಗ ಅಷ್ಟಮಾಂಶ ಪದ್ಧತಿಯಲ್ಲಿ ಕಳೆದಿರುವುದನ್ನು ಬ್ಯಾಂಕ್ ಉದ್ಯೋಗಿಯಾಗಿದ್ದ ಸಹೋದರ ಪತ್ತೆ ಮಾಡಿದರು. ಮನುಷ್ಯನು ಯಂತ್ರದ ಭಾಷೆಗೆ ಹೊಂದಿಕೊಳ್ಳುವುದಕ್ಕಿಂತ ಯಂತ್ರವು ಮನುಷ್ಯನ ಭಾಷೆಯನ್ನು ಒಪ್ಪುವಂತಾಗಬೇಕು ಎಂಬ ತಮ್ಮ ನಿಲುವಿಗೆ ಹಾಪರ್ ಅವರು ಈ ಘಟನೆಯನ್ನು ನಿದರ್ಶನವಾಗಿ ಹೇಳುತ್ತಿದ್ದರು. ಸಂಸ್ಥೆಯನ್ನು 1950ರಲ್ಲಿ ರೆಮಿಂಗ್ಟನ್ ರ‍್ಯಾಂಡ್ ಖರೀದಿಸಿತು. 1955ರಲ್ಲಿ ಅದು ಸ್ಪೆರ‍್ರಿ ಸಂಸ್ಥೆಯೊಂದಿಗೆ ವಿಲೀನವಾಯಿತು.

ಎ-0 ವ್ಯವಸ್ಥೆ

ಯುನಿವ್ಯಾಕ್ 1 ಗಣಕಯಂತ್ರದ ಮುಖ್ಯ ಸ್ಮೃತಿಯಲ್ಲಿ ತಲಾ 12 ಅಕ್ಷರಗಳ 1,000 ಪದಗಳಿಗೆ ಮಾತ್ರ ಸ್ಥಳವಿತ್ತು. ಉಳಿದುದನ್ನು ಕಾಂತೀಯ ಟೇಪಿನಲ್ಲಿ ಇಡಲಾಗುತ್ತಿತ್ತು. ಇದೇ ಸಂಸ್ಥೆಯಲ್ಲಿದ್ದ ಬೆಟ್ಟಿ ಹೋಲ್ಬರ್ಟನ್ ಅವರು ದತ್ತಾಂಶವನ್ನು ವಿಂಗಡಿಸುವ ಪ್ರೋಗ್ರಾಮನ್ನು ಯಂತ್ರವೇ ಬರೆಯುವಂತೆ ಮಾಡಿದ್ದರು. ಪ್ರೋಗ್ರಾಮೊಂದು ಇನ್ನೊಂದು ಪ್ರೋಗ್ರಾಮನ್ನು ಸಿದ್ಧಪಡಿಸಬಲ್ಲದು ಎಂಬುದನ್ನು ತಮಗೆ ಮನಗಾಣಿಸಿದವರು ಹೋಲ್ಬರ್ಟನ್ ಎಂದು ಹಾಪರ್ ಅವರು ಮುಂದೆ ಸ್ಮರಿಸಿದ್ದಾರೆ.

1951ರ ಕೊನೆಯಿಂದ 1952ರ ಮೇ ತಿಂಗಳವರೆಗೆ ಹಾಪರ್ ಅವರು ಎ-0 ವ್ಯವಸ್ಥೆಯನ್ನು ರೂಪಿಸಿದರು. ಪರೀಕ್ಷಿಸಿ ಸರಿಯೆಂದು ಕಂಡ ಸಬ್‌ರುಟೀನ್‌ಗಳನ್ನು ಟೇಪಿನಲ್ಲಿ ಗ್ರಂಥಾಲಯದಂತೆ ಜೋಡಿಸಿ, ಗ್ರಂಥಾಲಯದ ಪುಸ್ತಕಗಳಿಗೆ ಇರುವಂತೆಯೇ ಪ್ರತಿಯೊಂದಕ್ಕೂ ಒಂದು ಕರೆಸಂಖ್ಯೆ ನೀಡಲಾಯಿತು. ಪ್ರೋಗ್ರಾಮರ್ ಈ ಕರೆಸಂಖ್ಯೆಗಳನ್ನೂ, ಸಬ್‌ರುಟೀನ್‌ಗೆ ಒದಗಿಸಬೇಕಾದ ದತ್ತಾಂಶ ಎಲ್ಲಿದೆ, ಫಲಿತಾಂಶ ಎಲ್ಲಿ ಇರಬೇಕು ಎಂಬ ವಿವರಗಳನ್ನೂ ಕ್ರಮವಾಗಿ ಬರೆದರೆ ಸಾಕಾಗುತ್ತಿತ್ತು. ಎ-0 ಟೇಪಿನಲ್ಲಿ ಹುಡುಕಿ, ಬೇಕಾದ ತುಣುಕನ್ನು ಹೊರತೆಗೆದು, ಅದರ ವಿಳಾಸಗಳನ್ನು ಹೊಸ ಸ್ಥಾನಕ್ಕೆ ತಕ್ಕಂತೆ ತಿದ್ದಿ, ಪೂರ್ಣ ಪ್ರೋಗ್ರಾಮನ್ನು ಇನ್ನೊಂದು ಟೇಪಿಗೆ ಬರೆಯುತ್ತಿತ್ತು. ಹಲವು ಬರಹಗಳನ್ನು ಒಟ್ಟುಗೂಡಿಸಿ ಸಂಕಲನ ಮಾಡುವಂತೆ ಸಬ್‌ರುಟೀನ್‌ಗಳನ್ನು ಒಟ್ಟುಗೂಡಿಸುವುದರಿಂದ ಇದಕ್ಕೆ ಕಂಪೈಲರ್ ಎಂಬ ಹೆಸರು ಬಂದಿತು. ಇಂದಿನ ಪರಿಭಾಷೆಯಲ್ಲಿ ಎ-0 ಪೂರ್ಣ ಅರ್ಥದ ಕಂಪೈಲರ್ ಅಲ್ಲ. ತುಣುಕುಗಳನ್ನು ಜೋಡಿಸುವ ಲಿಂಕರ್ ಮತ್ತು ಸ್ಮೃತಿಗೆ ತುಂಬುವ ಲೋಡರ್‌ಗಳ ಕೆಲಸಕ್ಕೆ ಅದು ಹೆಚ್ಚು ಹತ್ತಿರವಾಗಿದೆ.

ಇದನ್ನು ರೂಪಿಸುವಾಗ ಒಂದು ಕಠಿಣ ಸಮಸ್ಯೆ ಎದುರಾಯಿತು. ಪ್ರೋಗ್ರಾಮಿನಲ್ಲಿ ಹಿಂದಿನ ಭಾಗಕ್ಕೆ ಜಿಗಿಯಬೇಕಾದರೆ ಆ ಭಾಗದ ವಿಳಾಸ ಆಗಲೇ ಗೊತ್ತಿರುತ್ತದೆ. ಮುಂದೆ ಬರಲಿರುವ ಭಾಗಕ್ಕೆ ಜಿಗಿಯಬೇಕಾದರೆ, ಆ ಭಾಗವನ್ನು ಇನ್ನೂ ಜೋಡಿಸಿರುವುದಿಲ್ಲವಾದ್ದರಿಂದ ವಿಳಾಸವೇ ಇರುವುದಿಲ್ಲ. ಕಾಲೇಜು ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದ ಹಾಪರ್ ಅವರಿಗೆ ಆ ಆಟದಿಂದಲೇ ಪರಿಹಾರ ಹೊಳೆಯಿತು. ಅಂದಿನ ಮಹಿಳಾ ಆಟದ ನಿಯಮದಂತೆ ಚೆಂಡನ್ನು ಒಂದೇ ಬಾರಿ ಪುಟಿಸಬಹುದಾಗಿತ್ತು. ಮುಂದೆ ಸಾಗಬೇಕಾದವರು ಚೆಂಡನ್ನು ಜೊತೆಗಾರ್ತಿಗೆ ಕೊಟ್ಟು, ತಾವು ಮುಂದೆ ಓಡಿ, ಅಲ್ಲಿ ಅದನ್ನು ಮರಳಿ ಪಡೆಯುತ್ತಿದ್ದರು. ಅದೇ ರೀತಿ ಸ್ಮೃತಿಯ ಕೊನೆಯಲ್ಲಿ ತಟಸ್ಥ ಮೂಲೆಯೊಂದನ್ನು ಕಾದಿರಿಸಲಾಯಿತು. ಮುಂದಕ್ಕೆ ಜಿಗಿಯುವ ಆದೇಶವು ಮೊದಲು ಈ ಮೂಲೆಗೆ ಹೋಗುತ್ತಿತ್ತು. ಗುರಿಯ ಭಾಗ ಜೋಡಣೆಯಾದಾಗ ಅದರ ನಿಜವಾದ ವಿಳಾಸಕ್ಕೆ ಕೊಂಡೊಯ್ಯುವ ಆದೇಶವನ್ನು ಮೂಲೆಯಲ್ಲಿ ತುಂಬಲಾಗುತ್ತಿತ್ತು. ಹೀಗೆ ಟೇಪನ್ನು ಹಿಂದಕ್ಕೆ ಸುತ್ತದೆ ಒಂದೇ ಸಲಕ್ಕೆ ಇಡೀ ಪ್ರೋಗ್ರಾಮನ್ನು ಜೋಡಿಸುವುದು ಸಾಧ್ಯವಾಯಿತು.

1952ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಗಣಕ ತಜ್ಞರ ಸಭೆಯಲ್ಲಿ ಹಾಪರ್ ಅವರು ಗಣಕಯಂತ್ರದ ಶಿಕ್ಷಣವನ್ನು ಕುರಿತ ತಮ್ಮ ಪ್ರಬಂಧದಲ್ಲಿ ಈ ವಿಚಾರವನ್ನು ಮಂಡಿಸಿದರು. ಗಣಕಯಂತ್ರವು ಲೆಕ್ಕ ಮಾತ್ರ ಮಾಡುತ್ತದೆ, ಪ್ರೋಗ್ರಾಮ್ ಬರೆಯಲಾರದು ಎಂಬ ಭಾವನೆ ಆಗ ಬಲವಾಗಿತ್ತು. ಹೊಸ ವಿಧಾನಕ್ಕೆ ಮನ್ನಣೆ ನಿಧಾನವಾಗಿ ದೊರೆಯಿತು. 1953ರ ಎ-2 ಆವೃತ್ತಿಯನ್ನು ಯುನಿವ್ಯಾಕ್ ಗ್ರಾಹಕರಿಗೆ ಮೂಲ ಪ್ರೋಗ್ರಾಮಿನೊಂದಿಗೆ ನೀಡಿ, ಸುಧಾರಣೆಗಳನ್ನು ಮರಳಿ ಕಳುಹಿಸುವಂತೆ ಕೋರಲಾಯಿತು. ಮುಕ್ತ ತಂತ್ರಾಂಶದ ಆರಂಭಿಕ ಉದಾಹರಣೆಯೆಂದು ಇದನ್ನು ಕೆಲವರು ಗುರುತಿಸುತ್ತಾರೆ.

ಸಬ್‌ರುಟೀನ್ ಗ್ರಂಥಾಲಯದ ಕಲ್ಪನೆ ಹಾಪರ್ ಒಬ್ಬರದೇ ಅಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಎಡ್ಸ್ಯಾಕ್ ಯಂತ್ರಕ್ಕಾಗಿ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಅವರು ಇಂತಹ ಗ್ರಂಥಾಲಯವನ್ನು ಕಟ್ಟಿ, 1951ರಲ್ಲಿ ಅದರ ಕುರಿತು ಪುಸ್ತಕವನ್ನೂ ಪ್ರಕಟಿಸಿದ್ದರು. ತುಣುಕುಗಳನ್ನು ಹುಡುಕಿ ತಂದು ಜೋಡಿಸುವ ಇಡೀ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದು ಹಾಪರ್ ಅವರ ವಿಶೇಷ ಕೊಡುಗೆ.

ಫ್ಲೋ-ಮ್ಯಾಟಿಕ್ ಮತ್ತು ಕೋಬಾಲ್

1954ರಲ್ಲಿ ಹಾಪರ್ ಅವರು ಸಂಸ್ಥೆಯ ಸ್ವಯಂಚಾಲಿತ ಪ್ರೋಗ್ರಾಮಿಂಗ್ ವಿಭಾಗದ ಮುಖ್ಯಸ್ಥರಾದರು. ವ್ಯಾಪಾರ ಸಂಸ್ಥೆಗಳಲ್ಲಿ ಲೆಕ್ಕಪತ್ರ ನೋಡುವವರಿಗೆ ಗಣಿತದ ಚಿಹ್ನೆಗಳಿಗಿಂತ ಮಾತುಗಳೇ ಸುಲಭವೆಂದು ಅವರು ಕಂಡುಕೊಂಡರು. ಇಂಗ್ಲಿಷ್ ಕ್ರಿಯಾಪದಗಳಿಂದ ಆರಂಭವಾಗುವ ವಾಕ್ಯಗಳಲ್ಲಿ ಆದೇಶ ನೀಡುವ ಭಾಷೆಯೊಂದನ್ನು 1955ರ ಆರಂಭದಲ್ಲಿ ಪ್ರಸ್ತಾಪಿಸಿದರು. ಪ್ರಾತ್ಯಕ್ಷಿಕೆಗಾಗಿ ಅದೇ ಪ್ರೋಗ್ರಾಮನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಬರೆದು ತೋರಿಸಿದಾಗ ಆಡಳಿತವರ್ಗವು ಒಪ್ಪುವ ಬದಲು ಗಾಬರಿಗೊಂಡಿತು. ಯಂತ್ರಕ್ಕೆ ಪದವು ಕೇವಲ ಸಂಕೇತಗಳ ಸಾಲು, ಅದು ಯಾವ ಭಾಷೆಯದಾದರೂ ಆಗಬಹುದು ಎಂಬುದನ್ನು ಅವರಿಗೆ ಮನವರಿಕೆ ಮಾಡಿಕೊಡಲು ತಿಂಗಳುಗಳೇ ಹಿಡಿದವು. ಬಿ-0 ಎಂದು ಆರಂಭವಾದ ಈ ಭಾಷೆಯೇ ಫ್ಲೋ-ಮ್ಯಾಟಿಕ್. ದತ್ತಾಂಶದ ವಿವರಣೆಯನ್ನು ಕಾರ್ಯವಿಧಾನದಿಂದ ಬೇರ್ಪಡಿಸಿದ್ದು ಇದರ ಇನ್ನೊಂದು ವೈಶಿಷ್ಟ್ಯ.

ಪ್ರತಿ ತಯಾರಕರ ಯಂತ್ರಕ್ಕೂ ಬೇರೆ ಭಾಷೆಯಿದ್ದರೆ ಪ್ರೋಗ್ರಾಮ್‌ಗಳನ್ನು ಮತ್ತೆ ಮತ್ತೆ ಬರೆಯಬೇಕಾಗುತ್ತದೆ ಎಂಬ ಚಿಂತೆ 1950ರ ದಶಕದ ಕೊನೆಯಲ್ಲಿ ಹೆಚ್ಚಾಯಿತು. 1959ರ ಮೇ 28 ಮತ್ತು 29ರಂದು ಅಮೆರಿಕಾದ ರಕ್ಷಣಾ ಇಲಾಖೆಯು ಪೆಂಟಗನ್‌ನಲ್ಲಿ ಕರೆದ ಸಭೆಯಿಂದ ಕೋಡಾಸಿಲ್ ಎಂಬ ಒಕ್ಕೂಟ ರೂಪುಗೊಂಡು, ಅದರ ಸಮಿತಿಯೊಂದು ಕೋಬಾಲ್ ಭಾಷೆಯನ್ನು ರಚಿಸಿತು. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮನ್ನು ಯುನಿವ್ಯಾಕ್ 2 ಮತ್ತು ಆರ್‌ಸಿಎ 501 ಎಂಬ ಭಿನ್ನ ಯಂತ್ರಗಳಲ್ಲಿ ಅಲ್ಪ ಬದಲಾವಣೆಯೊಂದಿಗೆ ನಡೆಸಿ ತೋರಿಸಲಾಯಿತು. ಹಾಪರ್ ಅವರನ್ನು ಕೋಬಾಲ್‌ನ ತಾಯಿ ಎಂದು ಜನಪ್ರಿಯ ಬರಹಗಳು ಕರೆಯುತ್ತವೆ. ವಾಸ್ತವದಲ್ಲಿ ಅವರು ಭಾಷೆಯನ್ನು ರಚಿಸಿದ ಸಮಿತಿಯ ಸದಸ್ಯರಾಗಿರದೆ ಮೇಲಿನ ಸಮಿತಿಗೆ ಸಲಹೆಗಾರರಾಗಿದ್ದರು. ಜೀನ್ ಸ್ಯಾಮೆಟ್ ಮೊದಲಾದ ರಚನಾಕಾರರು ಈ ಬಿರುದನ್ನು ಒಪ್ಪಲಿಲ್ಲವಾದರೂ, ಫ್ಲೋ-ಮ್ಯಾಟಿಕ್‌ನ ಪ್ರಭಾವವನ್ನು ಮುಕ್ತವಾಗಿ ಒಪ್ಪಿಕೊಂಡಿದ್ದಾರೆ.

ನೌಕಾಪಡೆಗೆ ಮರಳಿಕೆ

1966ರ ಕೊನೆಯಲ್ಲಿ ವಯಸ್ಸಿನ ಕಾರಣದಿಂದ ಹಾಪರ್ ಅವರು ಕಮಾಂಡರ್ ದರ್ಜೆಯಲ್ಲಿ ಮೀಸಲು ದಳದಿಂದ ನಿವೃತ್ತರಾದರು. 1967ರ ಆಗಸ್ಟ್‌ನಲ್ಲಿ ಆರು ತಿಂಗಳ ಮಟ್ಟಿಗೆಂದು ನೌಕಾಪಡೆ ಅವರನ್ನು ಮರಳಿ ಕರೆಯಿತು. ಆ ಅವಧಿಯು ವಿಸ್ತರಣೆಯಾಗುತ್ತಲೇ ಹೋಯಿತು. 1971ರಲ್ಲಿ ಮತ್ತೆ ನಿವೃತ್ತರಾಗಿ, 1972ರಲ್ಲಿ ಮತ್ತೆ ಸೇವೆಗೆ ಕರೆಯಲ್ಪಟ್ಟರು. ನೌಕಾಪಡೆಯ ಕಚೇರಿಗಳಲ್ಲಿ ಹಲವು ತಯಾರಕರ ಕೋಬಾಲ್ ಕಂಪೈಲರ್‌ಗಳು ಬಳಕೆಯಲ್ಲಿದ್ದು, ಒಂದರಲ್ಲಿ ನಡೆದ ಪ್ರೋಗ್ರಾಮ್ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಕಂಪೈಲರ್ ನಿಗದಿತ ಮಾನಕವನ್ನು ಪಾಲಿಸುತ್ತದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಮ್‌ಗಳನ್ನು ಹಾಪರ್ ಅವರ ತಂಡ ಸಿದ್ಧಪಡಿಸಿತು.

1973ರಲ್ಲಿ ಕ್ಯಾಪ್ಟನ್, 1983ರಲ್ಲಿ ಕಮೊಡೋರ್ ದರ್ಜೆಗೆ ಏರಿದರು. 1985ರಲ್ಲಿ ಆ ದರ್ಜೆಯ ಹೆಸರು ರಿಯರ್ ಅಡ್ಮಿರಲ್ ಎಂದು ಬದಲಾಯಿತು. 1986ರ ಆಗಸ್ಟ್ 14ರಂದು, 79ನೆಯ ವಯಸ್ಸಿನಲ್ಲಿ, ಬಾಸ್ಟನ್‌ನಲ್ಲಿ ಲಂಗರು ಹಾಕಿರುವ ಐತಿಹಾಸಿಕ ಯುದ್ಧನೌಕೆ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್‌ನಲ್ಲಿ ನಡೆದ ಸಮಾರಂಭದಲ್ಲಿ ನಿವೃತ್ತರಾದರು. ಆ ಸಮಯದಲ್ಲಿ ನೌಕಾಪಡೆಯ ಸಕ್ರಿಯ ಸೇವೆಯಲ್ಲಿದ್ದ ಅತ್ಯಂತ ಹಿರಿಯ ಅಧಿಕಾರಿ ಅವರೇ ಆಗಿದ್ದರು.

ಬೋಧನಾ ಶೈಲಿ

ಹಾಪರ್ ಅವರು ಜೀವನದುದ್ದಕ್ಕೂ ಅಧ್ಯಾಪಕಿಯಾಗಿಯೇ ಉಳಿದರು. ಯುವಜನರಿಗೆ ತರಬೇತಿ ನೀಡಿದ್ದನ್ನು ತಮ್ಮ ಮುಖ್ಯ ಸಾಧನೆಯೆಂದು ಪರಿಗಣಿಸಿದ್ದರು. ಉಪನ್ಯಾಸಗಳಲ್ಲಿ ಸುಮಾರು 11.8 ಅಂಗುಲ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಕ್ರಮಿಸಬಲ್ಲ ಗರಿಷ್ಠ ದೂರ ಅಷ್ಟೇ. ಮೈಕ್ರೊಸೆಕೆಂಡನ್ನು ತೋರಿಸಲು ಅದರ ಸಾವಿರಪಟ್ಟು ಉದ್ದದ, ಅಂದರೆ ಸುಮಾರು 984 ಅಡಿಯ ತಂತಿಯ ಸುರುಳಿಯನ್ನು ಎತ್ತಿ ಹಿಡಿಯುತ್ತಿದ್ದರು. ಹಿಂದಿನಿಂದ ನಡೆದುಬಂದಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಮುಂದುವರಿಸಬಾರದೆಂದು ನೆನಪಿಸಲು, ಅವರ ಕಚೇರಿಯ ಗೋಡೆಯಲ್ಲಿ ಅಪ್ರದಕ್ಷಿಣವಾಗಿ ಚಲಿಸುವ ಗಡಿಯಾರವಿತ್ತು.

ಇಂದಿನ ಆಮದು ದೋಷಗಳೊಂದಿಗೆ ಸಂಬಂಧ

ಪೈಥಾನ್‌ನಂತಹ ಭಾಷೆಗಳನ್ನು ಕಲಿಯುವವರು ಮೊದಲ ದಿನಗಳಲ್ಲೇ ಎದುರಿಸುವ ಮಾಡ್ಯೂಲ್ ಆಮದು ದೋಷಗಳು, ಎ-0 ಪರಿಹರಿಸಹೊರಟ ಸಮಸ್ಯೆಯ ಮುಂದುವರಿದ ರೂಪಗಳಾಗಿವೆ. ಕರೆಸಂಖ್ಯೆಯ ಸ್ಥಾನದಲ್ಲಿ ಈಗ ಮಾಡ್ಯೂಲಿನ ಹೆಸರಿದೆ, ಟೇಪಿನ ಸ್ಥಾನದಲ್ಲಿ ಕಡತಕೋಶಗಳಿವೆ. ಆಮದು ಆದೇಶ ಬಂದಾಗ ಪೈಥಾನ್ ಆ ಮಾಡ್ಯೂಲ್ ಆಗಲೇ ಸ್ಮೃತಿಯಲ್ಲಿದೆಯೇ ಎಂದು ನೋಡುತ್ತದೆ. ಇಲ್ಲವಾದರೆ ಭಾಷೆಯ ಒಳಗೇ ಸೇರಿರುವ ಮಾಡ್ಯೂಲ್‌ಗಳಲ್ಲಿ, ಬಳಿಕ ಹುಡುಕುಪಥದ ಪಟ್ಟಿಯಲ್ಲಿರುವ ಕಡತಕೋಶಗಳಲ್ಲಿ ಕ್ರಮವಾಗಿ ಹುಡುಕುತ್ತದೆ. ಎಲ್ಲಿಯೂ ಸಿಗದಿದ್ದಾಗ ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಎಂಬ ಸಂದೇಶ ಬರುತ್ತದೆ.

ಇಂತಹ ದೋಷಗಳಿಗೆ ಸಾಮಾನ್ಯ ಕಾರಣಗಳು ಕೆಲವೇ ಇವೆ. ಮೊದಲನೆಯದು ಹೆಸರಿನಲ್ಲಿ ಕಾಗುಣಿತದ ತಪ್ಪು ಅಥವಾ ಇಂಗ್ಲಿಷಿನ ದೊಡ್ಡ–ಸಣ್ಣ ಅಕ್ಷರಗಳ ವ್ಯತ್ಯಾಸ. ಎರಡನೆಯದು ಮಾಡ್ಯೂಲನ್ನು ಸ್ಥಾಪಿಸದಿರುವುದು, ಇಲ್ಲವೇ ಒಂದೇ ಗಣಕಯಂತ್ರದಲ್ಲಿರುವ ಎರಡು ಪೈಥಾನ್‌ಗಳ ಪೈಕಿ ಒಂದರಲ್ಲಿ ಸ್ಥಾಪಿಸಿ ಇನ್ನೊಂದರಿಂದ ಪ್ರೋಗ್ರಾಮ್ ನಡೆಸುವುದು. ಯೋಜನೆಗೊಂದು ಪ್ರತ್ಯೇಕ ಪರಿಸರ ಬಳಸುವಾಗ ಅದನ್ನು ಸಕ್ರಿಯಗೊಳಿಸಲು ಮರೆತರೂ ಇದೇ ಸ್ಥಿತಿ ಉಂಟಾಗುತ್ತದೆ. ಮೂರನೆಯದು ಸ್ಥಾಪನೆಯ ಹೆಸರೂ ಆಮದಿನ ಹೆಸರೂ ಬೇರೆಯಾಗಿರುವುದು. ಚಿತ್ರಗಳನ್ನು ಸಂಸ್ಕರಿಸುವ ಪಿಲ್ಲೋ ಎಂಬ ಪೊಟ್ಟಣವನ್ನು ಆಮದು ಮಾಡಿಕೊಳ್ಳಬೇಕಾದದ್ದು ಪಿಐಎಲ್ ಎಂಬ ಹೆಸರಿನಿಂದ. ನಾಲ್ಕನೆಯದು ಕಲಿಯುವವರು ತಮ್ಮ ಕಡತಕ್ಕೆ ಗ್ರಂಥಾಲಯದ ಮಾಡ್ಯೂಲಿನ ಹೆಸರನ್ನೇ ಇಡುವುದು. ರ‍್ಯಾಂಡಮ್ ಎಂಬ ಹೆಸರಿನ ಸ್ವಂತ ಕಡತವಿದ್ದರೆ, ಹುಡುಕುಪಥದಲ್ಲಿ ಪ್ರೋಗ್ರಾಮಿನ ಕಡತಕೋಶವೇ ಮೊದಲು ಬರುವುದರಿಂದ ಭಾಷೆಯ ರ‍್ಯಾಂಡಮ್ ಮಾಡ್ಯೂಲ್ ಮರೆಯಾಗುತ್ತದೆ.

ಮಾಡ್ಯೂಲ್ ಸಿಕ್ಕಿಯೂ ಅದರೊಳಗಿನ ಹೆಸರು ಸಿಗದಿದ್ದರೆ ಬರುವ ಸಂದೇಶ ಇಂಪೋರ್ಟ್‌ಎರರ್. ಆವೃತ್ತಿ ಬದಲಾಗಿ ಆ ಹೆಸರು ತೆಗೆದುಹಾಕಲ್ಪಟ್ಟಿರಬಹುದು, ಅಥವಾ ಎರಡು ಮಾಡ್ಯೂಲ್‌ಗಳು ಒಂದನ್ನೊಂದು ಆಮದು ಮಾಡಿಕೊಳ್ಳಲು ಯತ್ನಿಸುತ್ತಿರಬಹುದು. ಎರಡನೆಯ ಸ್ಥಿತಿಯಲ್ಲಿ ಮೊದಲ ಮಾಡ್ಯೂಲ್ ಪೂರ್ತಿ ಸಿದ್ಧವಾಗುವ ಮುನ್ನವೇ ಎರಡನೆಯದು ಅದರಿಂದ ಹೆಸರನ್ನು ಕೇಳುತ್ತದೆ. ಇನ್ನೂ ಜೋಡಣೆಯಾಗದ ಭಾಗದತ್ತ ಬೊಟ್ಟು ಮಾಡುವ ಈ ತೊಡಕು, ಹಾಪರ್ ಅವರು ತಟಸ್ಥ ಮೂಲೆಯಿಂದ ಬಗೆಹರಿಸಿದ ಸಮಸ್ಯೆಗೆ ಸ್ವಭಾವದಲ್ಲಿ ಹತ್ತಿರವಾದುದು. ದೋಷ ಸಂದೇಶದ ಕೊನೆಯ ಸಾಲನ್ನು ಮೊದಲು ಓದುವುದು, ಯಾವ ಪೈಥಾನ್ ನಡೆಯುತ್ತಿದೆ ಎಂದು ಖಚಿತಪಡಿಸಿಕೊಳ್ಳುವುದು ಮತ್ತು ಹುಡುಕುಪಥವನ್ನು ಮುದ್ರಿಸಿ ನೋಡುವುದು ಪತ್ತೆಯ ವಾಡಿಕೆಯ ಕ್ರಮ. ಹಾಪರ್ ಅವರ ಕಾಲದಂತೆ ಇಲ್ಲಿಯೂ ಬಹುಪಾಲು ತಪ್ಪು ಗ್ರಂಥಾಲಯದ ಒಳಗಿರುವುದಿಲ್ಲ, ಅದನ್ನು ತಂದು ಸೇರಿಸುವ ಹಂತದಲ್ಲಿರುತ್ತದೆ.

ನಿಧನ

ನಿವೃತ್ತಿಯ ನಂತರ ಹಾಪರ್ ಅವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಗೆ ಹಿರಿಯ ಸಲಹೆಗಾರರಾಗಿ, ಕೊನೆಯ ವರ್ಷಗಳವರೆಗೂ ಉಪನ್ಯಾಸಗಳನ್ನು ನೀಡುತ್ತಿದ್ದರು. 1992ರ ಜನವರಿ 1ರಂದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ 85ನೆಯ ವಯಸ್ಸಿನಲ್ಲಿ ನಿಧನರಾದರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸಕಲ ಸೇನಾ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು.

ಪ್ರಶಸ್ತಿ ಮತ್ತು ಸ್ಮರಣೆ

1969: ದತ್ತಾಂಶ ಸಂಸ್ಕರಣೆಯ ವೃತ್ತಿಪರರ ಸಂಘವು ಮೊದಲ ಬಾರಿಗೆ ನೀಡಿದ ವರ್ಷದ ಗಣಕ ವಿಜ್ಞಾನ ಪುರುಷ ಪ್ರಶಸ್ತಿ ಹಾಪರ್ ಅವರಿಗೆ ಸಂದಿತು.

1971: ಯುವ ಗಣಕ ತಜ್ಞರಿಗಾಗಿ ಅವರ ಹೆಸರಿನಲ್ಲಿ ವಾರ್ಷಿಕ ಪ್ರಶಸ್ತಿಯನ್ನು ಎಸಿಎಂ ಸಂಸ್ಥೆ ಸ್ಥಾಪಿಸಿತು.

1973: ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ವಿಶಿಷ್ಟ ಫೆಲೋ ಗೌರವ ಪಡೆದ ಮೊದಲ ಮಹಿಳೆಯಾದರು.

1991: ಅಮೆರಿಕಾದ ರಾಷ್ಟ್ರೀಯ ತಂತ್ರಜ್ಞಾನ ಪದಕ ದೊರೆಯಿತು.

1994: ಗಣಕ ಕ್ಷೇತ್ರದ ಮಹಿಳೆಯರಿಗಾಗಿ ಗ್ರೇಸ್ ಹಾಪರ್ ಸೆಲೆಬ್ರೇಷನ್ ಸಮ್ಮೇಳನ ಆರಂಭವಾಯಿತು. ಇದರ ಭಾರತೀಯ ಆವೃತ್ತಿಯು ಬೆಂಗಳೂರಿನಲ್ಲಿಯೂ ನಡೆದಿದೆ.

1997: ಅವರ ಹೆಸರನ್ನು ಹೊತ್ತ ಯುಎಸ್‌ಎಸ್ ಹಾಪರ್ ಯುದ್ಧನೌಕೆ ಸೇವೆಗೆ ಸೇರಿತು.

2016: ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಪ್ರದಾನ ಮಾಡಲಾಯಿತು.

2017: ಯೇಲ್ ವಿಶ್ವವಿದ್ಯಾಲಯವು ತನ್ನ ಕ್ಯಾಲ್‌ಹೂನ್ ಕಾಲೇಜಿಗೆ ಗ್ರೇಸ್ ಹಾಪರ್ ಕಾಲೇಜು ಎಂದು ಮರುನಾಮಕರಣ ಮಾಡಿತು.